ಕೆಂಪು ಹಿಡಿಕೆ

ಸ್ಟೇಶನ್ ಬಜಾರದ ಆ ಸೈಕಲ್ ಮಿಸ್ತ್ರಿ ಗಾಲಿ ಬಿಗಿದ ಮೇಲೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಿಸಿ ನೋಡುತ್ತಿದ್ದರು. "ಕೈಗೆ ಕೇಳ್ರಿ ಸಾಬ್, ಕಣ್ಣಿಗೆ ಕೇಳಬ್ಯಾಡ್ರಿ" ಎನ್ನುವುದು ಅವರ ರೂಢಿಯ ಮಾತು.

ತೊಂಬತ್ತರ ದಶಕದ ಕೊನೆಗೆ ನಾನೊಂದು ಗೇರ್ ಸೈಕಲ್ ಕೊಂಡಿದ್ದೆ. ಪಾನಾ ಇಲ್ಲದೆ ಗಾಲಿ ಬಿಚ್ಚಬಹುದಾದ ಕ್ವಿಕ್ ರಿಲೀಸ್ ಹಿಡಿಕೆ ಹಾಕಿಸಲು ಹೋದಾಗ ಅವರು ಸಾದಾ ಉಕ್ಕಿನ ಜೋಡಿಯನ್ನು ಮುಂದಿಟ್ಟರು. ನಾನು ಸೈಕಲ್ಲಿನ ಬಣ್ಣಕ್ಕೆ ಹೊಂದುವ ಕೆಂಪು ಹಿಡಿಕೆಯದನ್ನೇ ಆರಿಸಿದೆ.

"ಬರೇ ತಿರುವಿದ್ರ ಆಗಂಗಿಲ್ಲ, ಹಿಂಗ ಒತ್ತಿ ಮಡಚಬೇಕ್ರಿ. ಅಂಗೈ ನೋಯಬೇಕು, ಆವಾಗ ಖರೆ ಬಿಗದಂಗ" ಎಂದು ಮಾಡಿ ತೋರಿಸಿದರು.

ಮನೆಯಲ್ಲಿ ಗೆಳೆಯನೊಬ್ಬನೆದುರು ಮುಂದಿನ ಗಾಲಿಯನ್ನು ಕ್ಷಣದಲ್ಲಿ ಬಿಚ್ಚಿ ಮೆರೆದೆ. ಮತ್ತೆ ಜೋಡಿಸುವಾಗ ಹಿಡಿಕೆಯನ್ನು ತಿರುವಿದೆನೇ ಹೊರತು ಒತ್ತಿ ಮಡಚಲಿಲ್ಲ. ಮರುದಿನ ಅವನು ಸೈಕಲ್ ಕೇಳಿ ಒಯ್ದ. ಕಮಲಾಪುರದ ಇಳಿಜಾರಿನಲ್ಲಿ ಗಾಲಿ ಕಳಚಿತು. ಅವನು ಉಳಿಯಲಿಲ್ಲ.

ಅವನ ಅಣ್ಣ ಸೈಕಲ್ಲನ್ನು ತಂದು ಅಂಗಡಿಯ ಮುಂದೆ ಎಸೆದಾಗ ನಾನೂ ಜೊತೆಗಿದ್ದೆ.

"ಯಾಂವ ಬಿಗದಾನ ಇದನ್ನ?" ಎಂದು ಅಣ್ಣ ಕೂಗಿದರು.

ಮಿಸ್ತ್ರಿ ಸಡಿಲವಾಗಿದ್ದ ಹಿಡಿಕೆಯನ್ನು ಮುಟ್ಟಿ ನೋಡಿ, ತಲೆಯೆತ್ತಿ ನನ್ನನ್ನು ನೋಡಿದರು. ಅವರಿಗೆ ತಿಳಿದುಹೋಗಿತ್ತು.

"ನಾನೇ ಬಿಗದಿದ್ದೆ" ಎಂದರು.

ಅಣ್ಣ ಅವರ ಕೆನ್ನೆಗೆ ಹೊಡೆದರು, ಮತ್ತೆ ಹೊಡೆದರು. ಮಿಸ್ತ್ರಿ ಕೈ ಅಡ್ಡ ತರಲಿಲ್ಲ. ಗಿರಾಕಿಗಳು ಬರುವುದು ನಿಂತು, ವರ್ಷದೊಳಗೆ ಅಂಗಡಿ ಮುಚ್ಚಿತು. ಆ ಅಣ್ಣ ಇಂದಿಗೂ ನನ್ನನ್ನು ತಮ್ಮನಂತೆಯೇ ಕಾಣುತ್ತಾರೆ. ನಾನು ಇನ್ನೂ ನಿಜ ಹೇಳಿಲ್ಲ.