ಹೆಟ್ಟಿಯ ಕಪ್ಪು ಜಡೆ

ಹೇವರ್ಡ್ ಸ್ಟೇಷನ್ನಿನಿಂದ ನಾವು ಹೊರಟದ್ದು ಶನಿವಾರ ಬೆಳಿಗ್ಗೆ, ಉಪ್ಪಿಟ್ಟು ತಿಂದು. ಆಗಸ್ಟ್ ತಿಂಗಳಾದರೂ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚಳಿ ಎಂದಿದ್ದರಿಂದ ಅಕ್ಕನಿಗೆ ಸ್ವೆಟರಿನ ಮೇಲೊಂದು ಕೋಟು ತೊಡಿಸಿದ್ದೆ. ರೈಲಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಟಿಕೆಟ್ಟು ಎರಡು ಡಾಲರಿನ ಒಳಗೇ. ಆಸ್ಪತ್ರೆಯ ಡ್ಯೂಟಿಗೆ ಹೊರಟಿದ್ದ ಅಕ್ಕನ ಮಗಳು ಉಷಾ ನಮ್ಮನ್ನು ಕಾರಿನಲ್ಲಿ ತಂದು ಬಿಟ್ಟಳು.

“ಒಂದು ಕಾಮಿಕ್ಸ್ ಚಿತ್ರಕ್ಕೆ ಇಷ್ಟು ದೂರ ಹೋಗ್ಬೇಕಾ, ಅಮ್ಮಾ?”

“ಕ್ರಿಸ್ಮಸ್‌ವರೆಗೂ ಕಣ್ಣಿರುತ್ತೆ ಅಂತ ನಿಮ್ಮ ಡಾಕ್ಟರು ಗ್ಯಾರಂಟಿ ಕೊಡ್ಲಿ, ಮನೇಲೇ ಇರ್ತೀನಿ,” ಎಂದಳು ಅಕ್ಕ.

ಸಕ್ಕರೆ ಕಾಯಿಲೆ ಅವಳ ಎಡಗಣ್ಣನ್ನು ಆಗಲೇ ತಿಂದಿತ್ತು. ಬಲಗಣ್ಣಿಗೆ ಮಂಜು ಕವಿಯುತ್ತಿತ್ತು. ಅದೂ ಹೋಗುವ ಮುಂಚೆ ಅವಳಿಗೆ ನಮ್ಮ ತಂಗಿ ಸರೋಜಳ ಮುಖ ನೋಡಬೇಕಿತ್ತು. ಸರೋಜ ಟೈಫಾಯ್ಡಿನಲ್ಲಿ ಹೋದಾಗ ಇನ್ನೂ ಕಾನ್ವೆಂಟಿನ ಫ್ರಾಕು ಹಾಕುವ ಹುಡುಗಿ. ಅವಳದೊಂದು ಫೋಟೋ ಕೂಡ ಇಲ್ಲ. ಆದರೆ ಆ ಕಾಲಕ್ಕೆ ನಮ್ಮ ಮೈಸೂರಿನ ಮನೆಗೆ ಬರುತ್ತಿದ್ದ ಇಂಗ್ಲೆಂಡಿನ ವಾರಪತ್ರಿಕೆಯಲ್ಲಿ ಹೆಟ್ಟಿ ಎಂಬ ಹುಡುಗಿಯ ಚಿತ್ರಕಥೆ ಇರುತ್ತಿತ್ತು. ಲೈಟ್‌ಹೌಸ್ ಕಾಯುವವನ ಮಗಳು. ಕಪ್ಪನೆಯ ಎರಡು ಜಡೆ. ಥೇಟ್ ನಮ್ಮ ಸರೋಜ ಎಂದು ಮನೆಮಂದಿಯೆಲ್ಲ ಅನ್ನುತ್ತಿದ್ದರು. ಆ ಪತ್ರಿಕೆಗಳನ್ನೆಲ್ಲ ಗೆದ್ದಲು ತಿಂದು ಎಷ್ಟೋ ಕಾಲವಾಯಿತು. ಚಿತ್ರಕಾರರ ಹೆಸರನ್ನು ಪತ್ರಿಕೆಯವರು ಅಚ್ಚು ಹಾಕುತ್ತಲೇ ಇರಲಿಲ್ಲ. ಹೋದ ವಾರ ಇಲ್ಲಿಯ ಪೇಪರಿನಲ್ಲಿ ಬಂದಿತ್ತು: ಹೆಟ್ಟಿಯನ್ನು ಬರೆದವರು ಈಗ ಮಗಳ ಜೊತೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದಾರೆ, ಪುಸ್ತಕದಂಗಡಿಯೊಂದರಲ್ಲಿ ಕೂತು ಕೇಳಿದವರಿಗೆ ಸ್ಕೆಚ್ ಮಾಡಿಕೊಡುತ್ತಾರೆ ಎಂದು.

ರೈಲು ಕೊಲ್ಲಿಯ ಅಡಿಯ ಸುರಂಗಕ್ಕೆ ಇಳಿದಾಗ ಕಿವಿ ಗುಂಯ್ ಎಂದಿತು. “ನೆತ್ತಿ ಮೇಲೆ ಸಮುದ್ರ, ಅಕ್ಕ,” ಎಂದೆ.

“ಹೆದರ್ಬೇಡ. ಹೆಟ್ಟಿ ಅಪ್ಪ ದೀಪ ಹಚ್ಚಿರ್ತಾನೆ.”

ಮೇಲೆ ಬಂದರೆ ಊರಿಗೆ ಊರೇ ಮಂಜಿನಲ್ಲಿ ಮುಳುಗಿತ್ತು. ಏರುದಾರಿಯಲ್ಲಿ ಅಲ್ಲಲ್ಲಿ ನಿಂತು, ಉಸಿರು ತೆಗೆದುಕೊಂಡು, ಅಂಗಡಿ ಮುಟ್ಟಿದೆವು. ಒಳಗೆ ಕ್ಯೂ ಇತ್ತು. ಕೊನೆಗೆ ನಮ್ಮ ಸರದಿ. ಬಿಳಿಗಡ್ಡದ ಮುದುಕರು, ನಡುಗುವ ಕತ್ತು; ಕೈ ಮಾತ್ರ ನೆಟ್ಟಗಿತ್ತು. ಹೆಟ್ಟಿ ಎಂದೊಡನೆ ತಲೆಯೆತ್ತಿ ನಮ್ಮ ಸೀರೆಗಳನ್ನು ನೋಡಿದರು. ಮೂಗು, ಗದ್ದ, ಗಾಳಿಗೆ ಹಾರುವ ಬಿಚ್ಚುಗೂದಲು, ಎಲ್ಲ ಸರಸರನೆ ಮೂಡಿದವು. ಹಾಳೆ ನಮ್ಮತ್ತ ತಿರುಗಿಸಿದರು.

ಅಕ್ಕ ಅದನ್ನು ಬಲಗಣ್ಣಿಗೆ ತೀರ ಹತ್ತಿರ ಹಿಡಿದಳು. “ಇವಳಲ್ಲ ಕಣೇ, ಕಮಲೂ. ಜಡೆ ಎಲ್ಲಿ? ಕಪ್ಪು ಎಲ್ಲಿ?”

ನಾನು ಅದನ್ನೇ ಇಂಗ್ಲಿಷಿನಲ್ಲಿ ಕೇಳಿದೆ. ಅವರು ಮೆಲ್ಲಗೆ ಹೇಳಿದರು: “ಹೆಟ್ಟಿಯದು ಹೊಂಬಣ್ಣದ ಕೂದಲು, ಮೇಡಮ್. ಅದಕ್ಕೇ ಆ ಜಾಗದಲ್ಲಿ ಕಾಗದವನ್ನು ಖಾಲಿ ಬಿಡುತ್ತಿದ್ದೆ. ಜಡೆ ನಾನು ಎಂದೂ ಹಾಕಲಿಲ್ಲ.”

ಪತ್ರಿಕೆ ಬಂದೊಡನೆ ಅದನ್ನು ಕಸಿದುಕೊಂಡು ಅಟ್ಟ ಹತ್ತುತ್ತಿದ್ದವಳು ಸರೋಜ. ಅವಳದಾದ ಮೇಲೇ ನಮಗೆ. ಹೆಟ್ಟಿಯ ಜಡೆಯ ಕಪ್ಪು ಎದುರು ಪುಟಕ್ಕೂ ಮೆತ್ತಿರುತ್ತಿತ್ತು. ಅಚ್ಚಿನವರ ಅಜಾಗರೂಕತೆ ಎಂದುಕೊಂಡಿದ್ದೆವು. ಸರೋಜಳ ಬೆರಳ ತುದಿ ಯಾವಾಗಲೂ ಇಂಕು. ಅದಕ್ಕಾಗಿ ಕಾನ್ವೆಂಟಿನ ಸಿಸ್ಟರ್ ಅವಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

“ಜಡೆ ಅವಳೇ ಬರ್ಕೊಂಡಿದ್ದಳಲ್ಲೇ,” ಎಂದಳು ಅಕ್ಕ.

ನಾನು ಮುದುಕರಿಗೆ ಎಲ್ಲ ಹೇಳಿದೆ. ತಮ್ಮ ಬಳಿಯೂ ಹೆಟ್ಟಿಯ ಒಂದು ಮೂಲಚಿತ್ರವೂ ಉಳಿದಿಲ್ಲ, ಪತ್ರಿಕೆಯವರು ಎಲ್ಲವನ್ನೂ ಕಸಕ್ಕೆ ಹಾಕಿದರು ಎಂದರು ಅವರು. ಆಮೇಲೆ ಬಿಚ್ಚುಗೂದಲನ್ನು ಅಳಿಸಿ, ಎರಡು ಜಡೆಯ ಗೆರೆ ಎಳೆದು, ಒಳಗೆ ಪೆನ್ಸಿಲಿನಲ್ಲಿ ಪುಟ್ಟ ಇಂಟು ಗುರುತು ಹಾಕಿದರು. ಗುರುತಿದ್ದ ಕಡೆ ಕಪ್ಪು ತುಂಬುವುದು ಸಹಾಯಕರ ಕೆಲಸವಂತೆ. ಕುಂಚವನ್ನು ಇಂಕಿನಲ್ಲಿ ಅದ್ದಿ ಅಕ್ಕನ ಕೈಗಿತ್ತರು.

ಅಕ್ಕನಿಗೆ ಗುರುತು ಕಾಣಲಿಲ್ಲ. ನಾನು ಮಣಿಕಟ್ಟು ಹಿಡಿದುಕೊಂಡೆ. ಗೆರೆ ದಾಟಿ ಕಪ್ಪು ಕಿವಿಗೆ, ಕಾಲರಿಗೆ ಹರಿಯಿತು. ಮುದುಕರು ತಡೆಯಲಿಲ್ಲ.

ಮರಳುವ ರೈಲಿನಲ್ಲಿ ಹಾಳೆ ಅಕ್ಕನ ತೊಡೆಯ ಮೇಲಿತ್ತು. ಡಬ್ಬಿಯ ಮೊಸರನ್ನ ಹಾಗೇ ಉಳಿದಿತ್ತು.

“ಜಡೆ ಕಾಣ್ತಿದೆ ಕಣೇ. ಮುಖ ಎಲ್ಲಾ ಬರೀ ಬಿಳಿ. ನೀನು ಹೇಳು, ಸರೋಜನ ಹಾಗಿದಾಳಾ?”

ನೋಡಿದೆ. ಅದು ಯಾವುದೋ ಇಂಗ್ಲಿಷ್ ಹುಡುಗಿಯ ಮುಖ. ಸರೋಜಳದ್ದನ್ನು ನೆನೆಯಲು ಕಣ್ಣು ಮುಚ್ಚಿದರೆ ಜಡೆ ಬಂತು, ಮುಖ ಬರಲಿಲ್ಲ. “ಅವಳ ಹಾಗೇ, ಅಕ್ಕ,” ಎಂದೆ.

“ಸುಳ್ಳಿ,” ಎಂದು ಕಿಟಕಿಯ ಕಡೆ ತಿರುಗಿದಳು.

ಹೇವರ್ಡಿನಲ್ಲಿ ಉಷಾ ಕಾಯುತ್ತಿದ್ದಳು. “ಏನಮ್ಮ ಇದು, ಕೈಯೆಲ್ಲ ಇಂಕು,” ಎಂದು ಟಿಶ್ಯೂ ಚಾಚಿದಳು. ಅಕ್ಕ ಮುಷ್ಟಿ ಮುಚ್ಚಿಕೊಂಡು, ಮನೆ ಬರುವವರೆಗೂ ಬಿಡಿಸಲಿಲ್ಲ.