ಚರ್ಚಿನಲ್ಲಿ ಅಜ್ಜಿ ಹಾಡಿದ್ದು

‘ಆ ದಿನಗಳಲ್ಲಿ’ ಎಂದು ಶುರು ಮಾಡಲು ನನಗೆ ಸಂಕೋಚ. ನನಗಿನ್ನೂ ಇಪ್ಪತ್ತು ತುಂಬಿಲ್ಲ. ಕಾಲೇಜಿನ ಐಡಿ ಕಾರ್ಡು ಕೊರಳಿಗೆ ಹಾಕಿಕೊಂಡು ಬಾಲ್ಯದ ನೆನಪು ಬರೆಯಲು ಕೂತರೆ ಯಾರಾದರೂ ನಕ್ಕಾರು. ಆದರೆ ಕೊರೋನಾ ಕಾಲದಲ್ಲಿ ಎಂಟನೇ ಕ್ಲಾಸಿನ ಆಸುಪಾಸಿನಲ್ಲಿದ್ದ ನಮಗೆ ಅವು ನಿಜಕ್ಕೂ ಆ ದಿನಗಳೇ. ಮಾಸ್ಕಿನೊಳಗೆ ನಮ್ಮದೇ ಉಸಿರಿನ ಬಿಸಿ, ಸ್ಯಾನಿಟೈಸರ್ ಹಚ್ಚಿ ಹಚ್ಚಿ ಒರಟಾದ ಅಂಗೈ ನಿಮಗೂ ನೆನಪಿರಬೇಕು.

ನಮ್ಮದು ಮೂಡಿಗೆರೆ ಪೇಟೆ. ಅಪ್ಪನ ಅಂಗಡಿಯಲ್ಲಿ ತೋಟಕ್ಕೆ ಬೇಕಾದ ಟಾರ್ಪಾಲು, ಹಗ್ಗ, ಗಂಬೂಟು, ಸ್ಪ್ರೇಯರು ಸಿಗುತ್ತಿದ್ದವು. ಆದರೆ ಊರಿಗೆ ಅಪ್ಪ ಗೊತ್ತಿದ್ದದ್ದು ಭಜನೆಯಿಂದ. ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಮಣ್ಣಿಗೆ ಒಯ್ಯುವವರೆಗೆ ಅವರ ಮುಂದೆ ಹಾಡು ನಡೆಯುತ್ತಿರಬೇಕು. ಒಬ್ಬರು ಸುಸ್ತಾದರೆ ಇನ್ನೊಬ್ಬರು ಮುಂದುವರಿಸಬೇಕೇ ಹೊರತು ಹಾಡು ನಡುವೆ ನಿಲ್ಲಬಾರದು. ವಸ್ತಾರೆಯಿಂದಾಗಲಿ ಜಾವಳಿಯಿಂದಾಗಲಿ ಸಾವಿನ ಸುದ್ದಿ ಬಂದರೆ ಅಪ್ಪ ಅಂಗಡಿಯ ಷಟರ್ ಎಳೆದು, ತಾಳವನ್ನು ಚೀಲಕ್ಕೆ ಹಾಕಿಕೊಂಡು ಹೊರಟೇಬಿಡುತ್ತಿದ್ದ. ಮರುದಿನ ಗಂಟಲು ಕಟ್ಟಿಸಿಕೊಂಡು ಬಂದು, ಗಿರಾಕಿಗಳ ಜೊತೆ ಕೈಸನ್ನೆಯಲ್ಲೇ ವ್ಯಾಪಾರ ಮಾಡುತ್ತಿದ್ದ.

ಎರಡನೇ ಅಲೆಯಲ್ಲಿ ಅಪ್ಪ ಹೋದ. ನಾವೆಲ್ಲ ಪಾಸಿಟಿವ್ ಆಗಿ ಮನೆಯೊಳಗೆ ಬಾಗಿಲು ಹಾಕಿಕೊಂಡಿದ್ದೆವು. ಆಸ್ಪತ್ರೆಯಿಂದ ಅಪ್ಪನನ್ನು ಮನೆಗೆ ತರುವ ಹಾಗಿರಲಿಲ್ಲ. ಚಿಕ್ಕಪ್ಪ ದೂರದಲ್ಲಿ ನಿಂತು ತೆಗೆದ ವಿಡಿಯೊ ಅಮ್ಮನ ಮೊಬೈಲಿಗೆ ಬಂತು. ಮೈತುಂಬ ಬಿಳಿ ತೊಟ್ಟವರು ಬಿಳಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದನ್ನು ಗುಂಡಿಗೆ ಇಳಿಸುತ್ತಿದ್ದರು. ಅಮ್ಮ ಅಲ್ಲೇ ಕುಸಿದು ಕೂತಳು. ವಿಡಿಯೊ ಮುಗಿದ ಮೇಲೆ ನಾನು ಮೊಬೈಲನ್ನು ಚಾರ್ಜಿಗೆ ಹಾಕಿದೆ.

ಅಪ್ಪನ ತಾಯಿ, ಅಂದರೆ ನನ್ನ ಅಜ್ಜಿಗೆ, ಸಾವಿಗಿಂತ ಇದೇ ದೊಡ್ಡ ಸಂಕಟವಾಯಿತು. “ಊರಿಗೆಲ್ಲ ಹಾಡಿದವನಿಗೆ ಒಂದು ಹಾಡಿಲ್ಲ. ನನ್ನ ಮಗನ್ನ ಮಲಗಿಸಿಯೇ ಕಳಿಸಿದ್ರಲ್ಲೇ,” ಎಂದು ಹಲುಬುತ್ತಿದ್ದಳು. ಲಾಕ್‌ಡೌನ್ ಸಡಿಲವಾದಾಗ ಭಜನೆಯವರು ಬಂದು, ಮನೆಯಲ್ಲೇ ಕೂತು ಹಾಡುತ್ತೇವೆ ಎಂದರು. ಅಜ್ಜಿ ಒಪ್ಪಲಿಲ್ಲ. “ಯಾರ ಮುಂದೆ ಹಾಡ್ತೀರಿ? ಖಾಲಿ ಗೋಡೆ ಮುಂದಾ?” ಎಂದು ಕಳಿಸಿಬಿಟ್ಟಳು. ಅಪ್ಪನ ಹಾಸಿಗೆ ಮಡಚಲು ಅಮ್ಮನಿಗೂ ಬಿಡಲಿಲ್ಲ. ಹಾಡಾಗದೆ ಅವನು ಹೋಗುವುದಿಲ್ಲ, ಎಲ್ಲೋ ಕಾಯುತ್ತಾ ಕೂತಿರುತ್ತಾನೆ ಎಂಬುದು ಅವಳ ನಂಬಿಕೆ.

ನನ್ನದು ಬೇರೆಯೇ ಕತೆ. ಜ್ವರ ಬಿಟ್ಟ ಮೇಲೂ ಮೂಗಿಗೆ ವಾಸನೆ ಮರಳಲಿಲ್ಲ. ಅಕ್ಕಿ ರೊಟ್ಟಿ ಬಿಸಿ ರಟ್ಟು, ಕಾಫಿ ಬಿಸಿ ನೀರು. ಅದರ ಜೊತೆ ಅಳುವೂ ಹೋಗಿತ್ತು. ಮಾತಾಡಿಸಲು ಬಂದವರು ನನ್ನ ಮುಖವನ್ನೇ ನೋಡುತ್ತಿದ್ದರು, ನಾನು ಅವರಿಗೆ ಕಾಫಿ ತಂದುಕೊಡುತ್ತಿದ್ದೆ. ಅಜ್ಜಿ ದಿನಾ ಇಂಗು, ಕರ್ಪೂರ, ಏಲಕ್ಕಿ ನನ್ನ ಮೂಗಿಗೆ ಹಿಡಿದು “ಬಂತಾ?” ಎನ್ನುವಳು. ಒಂದು ದಿನ ತಾಳ್ಮೆಗೆಟ್ಟು, ಒಣಮೆಣಸಿನಕಾಯಿ ಬಾಣಲೆಗೆ ಸುರಿದು ನನ್ನನ್ನು ಒಲೆ ಮುಂದೆ ನಿಲ್ಲಿಸಿದಳು. ಘಾಟಿಗೆ ಕಣ್ಣಲ್ಲಿ ನೀರು ಧಾರಾಕಾರ ಸುರಿಯಿತು. “ಅಬ್ಬ, ಅಷ್ಟಾದ್ರೂ ಬಂತಲ್ಲ ಮಾರಾಯ್ತಿ,” ಎಂದು ಸೆರಗಿನಿಂದ ನನ್ನ ಮುಖ ಒರೆಸಿದಳು. ಒರೆಸುತ್ತಾ ತಾನು ಅತ್ತಳು.

ಮಳೆಗಾಲ ಮುಗಿದು ಶಾಲೆ ತೆರೆದ ಮೇಲೆ, ಸಂಗೀತದ ರೀಟಾ ಮಿಸ್ ದನಿ ಇರುವ ಮಕ್ಕಳನ್ನು ಹುಡುಕಿಕೊಂಡು ನಮ್ಮ ಕ್ಲಾಸಿಗೆ ಬಂದರು. ನವೆಂಬರ್ ಚರ್ಚಿನವರಿಗೆ ಸತ್ತವರನ್ನು ನೆನೆಯುವ ತಿಂಗಳು. ಆ ಸಲ ಪೇಟೆಯ ಚರ್ಚಿನಲ್ಲಿ ರೆಕ್ವಿಯಮ್ ಮಾಡಿಸುತ್ತಾರಂತೆ. ಸತ್ತವರ ಶಾಂತಿಗಾಗಿ ವಾದ್ಯಗಳೊಂದಿಗೆ ದೊಡ್ಡ ಗುಂಪು ನಿಂತು ಹಾಡುವ ಹಾಡುಗಳಂತೆ. ಯಾವ ಜಾತಿ ಮತದ ಮನೆಯಲ್ಲಿ ಸಾವಾಗಿದ್ದರೂ ಅವರಿಗೆ ಕರೆಯಂತೆ. ನಾನು ಕೈ ಎತ್ತಿದೆ. ಅಪ್ಪನಿಗಾಗಿ ಎಂದು ಈಗ ಹೇಳಿದರೆ ಚೆನ್ನಾಗಿರುತ್ತದೆ, ಆದರೆ ಅಂದು ಎತ್ತಿದ್ದು ಗಣಿತದ ಪೀರಿಯಡ್ ತಪ್ಪುತ್ತದೆಂದು.

ಅಭ್ಯಾಸ ಚರ್ಚಿನ ಅಂಗಳದಲ್ಲಿ. ಲ್ಯಾಟಿನ್ ಮಾತುಗಳನ್ನು ಕನ್ನಡದಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದೆವು. ಬಿಡುವಿನಲ್ಲಿ ಕುಂಟಾಬಿಲ್ಲೆ, ಆಮೇಲೆ ಯಾರೋ ಕಳಿಸಿದ ಬಿಸಿ ಬನ್ಸ್. ನನ್ನ ಪಕ್ಕದಲ್ಲಿ ನಿಲ್ಲುತ್ತಿದ್ದವಳು ಗ್ಯಾರೇಜಿನವರ ಮಗಳು ಶಬಾನಾ, ಅವಳ ತಾತನೂ ಅದೇ ಅಲೆಯಲ್ಲಿ ಹೋಗಿದ್ದರು. ಕಾಫಿ ಕುಯ್ಲು ಶುರುವಾಗಿ, ಹಣ್ಣು ಸುಲಿಯುವ ಪಲ್ಪರ್ ಯಂತ್ರಗಳು ನಡೆಯುವ ತೋಟಗಳ ಕಡೆಯಿಂದ ಗಾಳಿ ಬೀಸಿದಾಗ ಅವಳು ಮೂಗು ಮುಚ್ಚಿಕೊಂಡು, “ಥೂ, ಪಲ್ಪರ್ ನೀರು ಎಂತ ನಾತ ಮಾರಾಯ್ತಿ!” ಎನ್ನುತ್ತಿದ್ದಳು. ನಾನೂ ಮೂಗು ಮುಚ್ಚಿಕೊಳ್ಳುತ್ತಿದ್ದೆ.

ಮನೆಯಲ್ಲಿ ಹೇಳಿದಾಗ ಅಜ್ಜಿ ಕಿವಿ ನಿಮಿರಿಸಿದಳು.

“ಯಾರಿಗೆ ಹಾಡೋದು?”

“ಸತ್ತವರಿಗೆ.”

“ನಿಮ್ಮಪ್ಪನಿಗೂನಾ?”

“ಎಲ್ಲರಿಗೂ ಅಂತೆ.”

“ಎಷ್ಟೊತ್ತು?”

“ಮುಕ್ಕಾಲು ಗಂಟೆ.”

“ಅಷ್ಟೇಯಾ? ಮುಕ್ಕಾಲು ಗಂಟೇಲಿ ಅವನಿಗೆ ಗಂಟಲೇ ಬಿಡ್ತಿರಲಿಲ್ಲ,” ಎಂದಳು. ಆದರೂ ಆ ಸಂಜೆ ಹಣೆತುಂಬ ವಿಭೂತಿ ಹಚ್ಚಿಕೊಂಡು, ಅಮ್ಮನ ಕೈಹಿಡಿದು ಬಂದು ಮೊದಲನೇ ಬೆಂಚಿನಲ್ಲೇ ಕೂತಳು.

ಮಂಗಳೂರಿನಿಂದ ವ್ಯಾನಿನಲ್ಲಿ ಪಿಟೀಲಿನವರು, ತುತ್ತೂರಿಯವನು, ಆಳೆತ್ತರದ ಪಿಟೀಲಿನಂಥ ಚೆಲ್ಲೊ ಹಿಡಿದ ಒಬ್ಬಾಕೆ ಬಂದಿದ್ದರು. ಬೆಂಚುಗಳು ತುಂಬಿ ಜನ ಗೋಡೆಗೊರಗಿ ನಿಂತಿದ್ದರು. ಭಜನೆಯವರೂ ಹಿಂದೆ ಇದ್ದರು. ಹಾಡು ಏಳುತ್ತಿದ್ದಂತೆ ಜನ ಕಣ್ಣೊರೆಸಿಕೊಳ್ಳತೊಡಗಿದರು. ನಾನು ಮಿಸ್‌ನ ಕೈ ನೋಡುತ್ತಾ, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂಬುದನ್ನಷ್ಟೇ ಗಮನಿಸುತ್ತಿದ್ದೆ.

ಕೊನೆಯ ಭಾಗಕ್ಕೆ ಮೊದಲು ಮಿಸ್ ಕೈ ಇಳಿಸಿದರು. ಅಲ್ಲಿ ಎಲ್ಲರೂ ಸುಮ್ಮನಿರಬೇಕು, ಕೆಮ್ಮಲೂ ಬಾರದು ಎಂದು ನಮಗೆ ಹೇಳಿದ್ದರು. ಅಜ್ಜಿಗೆ ಯಾರು ಹೇಳಬೇಕು? ಅವಳು ಅತ್ತಿತ್ತ ನೋಡಿದಳು. ಸತ್ತವರ ಮುಂದೆ ಹಾಡು ನಿಂತಿದೆ, ಯಾರೂ ಮುಂದುವರಿಸುತ್ತಿಲ್ಲ. ಮಾಸ್ಕನ್ನು ಗದ್ದಕ್ಕೆ ಇಳಿಸಿ, ಅಪ್ಪ ಸಾವಿನ ಮನೆಗಳಲ್ಲಿ ಮೊದಲು ಹಾಡುತ್ತಿದ್ದ ಶಿವನ ಹಾಡನ್ನು ಒಡಕು ದನಿಯಲ್ಲಿ ಹಾಡತೊಡಗಿದಳು.

ಅಮ್ಮ ಅವಳ ಸೆರಗು ಎಳೆದಳು. ನನ್ನ ಕಿವಿ ಬಿಸಿಯಾದವು. ಅಪ್ಪ ಹೋದ ಮೇಲೆ ನನಗೆ ಮೊದಲ ಸಲ ಏನಾದರೂ ಅನಿಸಿದ್ದರೆ ಅದು ಆ ಹೊತ್ತಿನ ನಾಚಿಕೆ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಭಜನೆಯವರು ದನಿ ಸೇರಿಸಿದರು. ಚೆಲ್ಲೊದಾಕೆ ತಲೆ ಬಗ್ಗಿಸಿ ಸ್ವಲ್ಪ ಹೊತ್ತು ಕೇಳಿ, ಅಜ್ಜಿಯ ಶ್ರುತಿ ಹುಡುಕಿ, ಒಂದೇ ಸ್ವರವನ್ನು ಮೆಲ್ಲಗೆ ನುಡಿಸುತ್ತಾ ಹೋದಳು. ರೀಟಾ ಮಿಸ್ ಕೈಕಟ್ಟಿ ನಿಂತುಬಿಟ್ಟರು.

ಹಾಡು ಮುಗಿಸಿ ಅಜ್ಜಿ ಮುಖ ಒರೆಸಿಕೊಂಡಳು. “ಆಯ್ತು. ಇನ್ನು ಎತ್ರಪ್ಪ,” ಎಂದಳು.

ನಮ್ಮ ಸಾವಿನ ಮನೆಗಳಲ್ಲಿ ಹಿರಿಯರು ಹಾಗೆಂದ ಮೇಲೆಯೇ ಗಂಡಸರು ಎದ್ದು ಹೆಗಲು ಕೊಡುವುದು. ಅಲ್ಲಿ ಎತ್ತಲು ಏನೂ ಇರಲಿಲ್ಲ. ಆದರೂ ಭಜನೆಯವರು ಎದ್ದು ನಿಂತರು, ಅವರನ್ನು ನೋಡಿ ಚರ್ಚಿನಲ್ಲಿದ್ದವರೆಲ್ಲ ಎದ್ದರು. ಮಿಸ್ ಕೈ ಎತ್ತಿದರು, ನಾವು ಕೊನೆಯ ಭಾಗ ಶುರು ಮಾಡಿದೆವು. ಅದು ಶವವನ್ನು ಚರ್ಚಿನಿಂದ ಹೊರಗೆ ಹೊತ್ತೊಯ್ಯುವಾಗ ಹಾಡುವ ಹಾಡು ಎಂದು ನನಗೆ ತಿಳಿದದ್ದು ಆಮೇಲೆ. ಶಬಾನಾಳ ದನಿ ಒಡೆದುಹೋಯಿತು. ಅಮ್ಮ ಮತ್ತೆ ಬೆಂಚಿನಲ್ಲಿ ಕೂತು, ಮೊಣಕಾಲಿಗೆ ಹಣೆ ಹಚ್ಚಿ ಅಳುತ್ತಿದ್ದಳು. ನಾನು ಒಂದು ಸ್ವರವನ್ನೂ ತಪ್ಪಿಸದೆ ಕೊನೆಯವರೆಗೆ ಹಾಡಿದೆ. ಚೆನ್ನಾಗಿ ಹಾಡಿದೆ ಎಂದು ಮಿಸ್ ಬೆನ್ನು ತಟ್ಟಿದರು.

ಮರುದಿನ ಅಜ್ಜಿ ಅಪ್ಪನ ಹಾಸಿಗೆಯನ್ನು ಬಿಸಿಲಿಗೆ ಹಾಕಿ, ಮಡಚಿ ಅಟ್ಟಕ್ಕೆ ಸೇರಿಸಿದಳು. ಬಂದವರಿಗೆಲ್ಲ “ನನ್ನ ಮಗನ್ನ ಕಳಿಸಿಕೊಟ್ಟೆ. ಮಂಗಳೂರಿಂದ ವಾದ್ಯ ಬಂದಿತ್ತು,” ಎನ್ನುತ್ತಿದ್ದಳು.

ನನ್ನ ಮೂಗಿಗೆ ವಾಸನೆ ಮರಳಿದ್ದು ಮುಂದಿನ ಬೇಸಿಗೆಯಲ್ಲಿ, ಹೂಮಳೆ ಬಿದ್ದು ಕಾಫಿ ಹೂ ಬಿಟ್ಟಾಗ. ಅಳು ಬರಲು ಇನ್ನೂ ತಡವಾಯಿತು. ಈಗ ಅದಕ್ಕೆ ಹೊತ್ತುಗೊತ್ತಿಲ್ಲ. ಬಸ್ಸಿನಲ್ಲಿ ಯಾವುದೋ ಅಪ್ಪ ಮಗಳಿಗೆ ಕಿಟಕಿಯ ಸೀಟು ಬಿಟ್ಟುಕೊಟ್ಟರೂ ಬರುತ್ತದೆ. ಹಾಸ್ಟೆಲಿನಲ್ಲಿ ನನಗೆ ಅಳುಬುರುಕಿ ಎಂದೇ ಹೆಸರು. ನಮ್ಮ ಮನೆಯಲ್ಲಿ ಅಜ್ಜಿಗೂ ಅಮ್ಮನಿಗೂ ಅಪ್ಪನನ್ನು ಕಳಿಸಿಕೊಟ್ಟ ದಿನ ಅಂತ ಒಂದಿದೆ. ಅವತ್ತು ಎಲ್ಲರ ಮುಂದೆ ನಿಂತು ಹಾಡಿದವಳು ನಾನು. ನನಗೆ ಮಾತ್ರ ಆ ದಿನ ಇಲ್ಲ.