ಹೊರಸಿನಿಂದ ನೆಲಕ್ಕೆ

ಎಂಬತ್ತರ ದಶಕದಲ್ಲಿ ನಾನು ಜೇವರ್ಗಿ ಕಡೆಯ ಒಂದು ಸಣ್ಣ ದವಾಖಾನೆಯಲ್ಲಿ ಆಯಾ ಆಗಿದ್ದೆ. ನನ್ನ ಓದು ಎರಡನೇ ತರಗತಿಗೇ ನಿಂತಿತ್ತು. ಹೆರಿಗೆ ಆದವರ ಮನೆಗೆ ಹೋಗಿ ನೋಡಿ ಬರುವುದು ಕೆಲಸ. ಎಷ್ಟೋ ಬಾಣಂತಿಯರನ್ನು ಮರೆತಿದ್ದೇನೆ. ಇಜೇರಿಯ ನೀಲವ್ವನನ್ನು ಮರೆತಿಲ್ಲ.

ತಾಯಿ ಇಲ್ಲದ ಹುಡುಗಿ. ಚೊಚ್ಚಲ ಬಾಣಂತನ ಗಂಡನ ಮನೆಯಲ್ಲೇ ಆಯಿತು. ಕತ್ತಲೆ ಖೋಲಿ, ಮಲಗಲು ಜೋತುಬಿದ್ದ ನುಲಿ ಹೊರಸು, ಕೆಳಗೆ ಕುಳ್ಳಿನ ಕೆಂಡ. ಸೊಂಟ ಹಿಡಿದು ಆಕೆಗೆ ಬಗ್ಗಿ ಕೂಸನ್ನು ಎತ್ತಲು ಆಗುತ್ತಿರಲಿಲ್ಲ. ಒಮ್ಮೆ ಕೈ ಜಾರಿದ್ದಕ್ಕೆ ಅತ್ತೆ ಕೂಸನ್ನು ಪಡಸಾಲೆಗೆ ಒಯ್ದಳು. ಹಾಲಿಗೆ ಮಾತ್ರ ತರುವುದು, ಮತ್ತೆ ಒಯ್ಯುವುದು. ಉಳಿದ ಹೊತ್ತು ನೀಲವ್ವ ಜಂತಿ ನೋಡುತ್ತ ಮಲಗಿರುತ್ತಿದ್ದಳು. ಒಳಗೆ ಯಾರೂ ಬರುತ್ತಿರಲಿಲ್ಲ.

ಡಾಕ್ಟರಮ್ಮ ಪರೀಕ್ಷೆ ಮಾಡಿದರು. ಎಲುಬಿಗೆ ಏನೂ ಆಗಿಲ್ಲ, ಹೊಟ್ಟೆ ಮತ್ತು ಸೊಂಟದ ಸ್ನಾಯು ಸಡಿಲಾಗಿವೆ, ಎಕ್ಸರ್‌ಸೈಜ್ ಮಾಡಿಸು ಎಂದು ನನಗೆ ಕಲಿಸಿ ಕಳಿಸಿದರು. ಅಂಗಾತ ಮಲಗಿ ಮೊಣಕಾಲು ಮಡಚಬೇಕು. ಹೊಟ್ಟೆ ಒಳಗೆಳೆದು ಸೊಂಟವನ್ನು ನೆಲಕ್ಕೆ ಒತ್ತಬೇಕು. ರೂಢಿಯಾದ ಮೇಲೆ ಮೆಲ್ಲಗೆ ಸೊಂಟ ಎತ್ತಬೇಕು. ಇದಕ್ಕೆ ಗಟ್ಟಿ ನೆಲ ಬೇಕು, ಹೊರಸಿನ ಮೇಲೆ ಆಗದು.

“ಬಾಣಂತಿ ನೆಲಕ್ಕ? ಥಂಡಿ ಹತ್ತಿ ಸತ್ತರ ನೀ ಬರ್ತಿಯೇನ್ ಮಣ್ಣು ಹಾಕಾಕ?” ಅಂದಳು ಅತ್ತೆ.

ಆಕೆಯ ಕೊರಳಲ್ಲಿ ಲಿಂಗದ ಕರಡಿಗೆ ತೂಗುತ್ತಿತ್ತು. ನಾನು ಕೇಳಿದೆ, “ಸೊಸಿಗಿ ಹಡದ ಸೂತಕ ಅಂತ ಲಿಂಗಪೂಜಿ ಬಿಡಿಸೀರೇನ್ರಿ, ಅವ್ವಾರ?”

“ಲಿಂಗ ಕಟ್ಟಿದವರಿಗಿ ಸೂತಕ ಎಲ್ಲೀದು ಬೇ?” ಸಿಟ್ಟಿಗೆದ್ದಳು.

“ಹಂಗಾರ ಪೂಜಿಗಿ ನೆಲದ ಮ್ಯಾಲ ಕೂಡಬೇಕಲ್ರಿ.”

ಮುದುಕಿ ನನ್ನನ್ನು ದುರುಗುಟ್ಟಿ ನೋಡಿದಳು. “ಭಾಳ ಶಾಣ್ಯಾಕಿ ಇದ್ದಿ ಬಿಡು,” ಎಂದು ತಾನೇ ಎರಡು ಕಂಬಳಿ ಹಾಸಿದಳು.

ಪೂಜೆ ಮುಗಿದ ಮೇಲೆ ಅಲ್ಲೇ ಎಕ್ಸರ್‌ಸೈಜ್. ಆದರೆ ನಾನು ಹೇಳಿಕೊಟ್ಟು ಹೊರಟರೆ ನೀಲವ್ವ ಮಾಡುತ್ತಿರಲಿಲ್ಲ. “ಒಬ್ಬಾಕಿನೇ ಮಲಗಿ ಮಲಗಿ ಸಾಕಾಗ್ಯದ ಯಕ್ಕಾ,” ಅಂದಳು. ಬೈದೆ, ನಡೆಯಲಿಲ್ಲ. ಕೊನೆಗೆ ನಾನೇ ಸೀರೆ ಬಿಗಿದು ಪಕ್ಕದಲ್ಲಿ ಮಲಗಿ ಮೊಣಕಾಲು ಮಡಚಿದೆ. ಅತ್ತೆ ಇಣುಕಿ, “ಎರಡು ಕಪ್ಪಿ ಸತ್ತು ಬಿದ್ದಂಗ ಬಿದ್ದೀರಲ್ಲ!” ಅಂದಳು. ನೀಲವ್ವ ನಕ್ಕಳು. ಆ ಖೋಲಿಯಲ್ಲಿ ನಾನು ನಗೆ ಕೇಳಿದ್ದು ಅದೇ ಮೊದಲು.

ದಿನಾ ಹೋದೆ, ದಿನಾ ಮಲಗಿದೆ. ಬಾಣಂತನ ಮುಗಿಯುತ್ತ ಬಂದಾಗ ಒಂದು ಮುಂಜಾನೆ ಪಡಸಾಲೆಯಲ್ಲಿ ಕೂಸು ಅತ್ತಿತು. ನೀಲವ್ವ ನಡೆದು ಹೋಗಿ, ಮೊಣಕಾಲು ಮಡಚಿ ಕುಳಿತು, ಎತ್ತಿಕೊಂಡು ಎದ್ದಳು. ಅತ್ತೆ ಕೈ ಚಾಚಿದಳು. ನೀಲವ್ವ ಕೊಡಲಿಲ್ಲ. ನಾನು ಕಂಬಳಿ ಮಡಚಿಟ್ಟು ಹೊರಟೆ.

“ನಾಳಿಗಿ ಬರಂಗಿಲ್ಲೇನ್, ಯಕ್ಕಾ?”

“ಯಾಕ ಬರ್ಲಿ ಬೇ? ಈಗ ನಿನ್ನ ಜೋಡಿ ಕೂಸು ಅದ ಅಲ್ಲಾ.”

ಮತ್ತೆ ಹೋಗಲಿಲ್ಲ. ಆ ನೌಕರಿ ನನಗೆ ಕಲಿಸಿದ್ದು ಇಷ್ಟು: ಬಾಯಲ್ಲಿ ಹೇಳಿಕೊಟ್ಟರೆ ಯಾರೂ ಮಾಡುವುದಿಲ್ಲ, ಪಕ್ಕದಲ್ಲಿ ಮಲಗಬೇಕು. ಈಗ ನನ್ನ ಸೊಂಟವೂ ಹಿಡಿದಿದೆ. ಏನು ಮಾಡಬೇಕೆಂದು ಗೊತ್ತು. ಕಂಬಳಿ ಹಾಸುತ್ತೇನೆ, ಒಂದೆರಡು ದಿನ ಮಾಡುತ್ತೇನೆ, ಬಿಡುತ್ತೇನೆ.